ತಟ್ಟೆಯಲ್ಲಿ ಉಳಿದ ಒಂದೇ ಚೂರು

"ನಿಲ್ರೀ! ಅಲ್ಲೇ ನಿಲ್ಲಿ! ಇನ್ನೊಂದು ಹೆಜ್ಜೆ ಮುಂದೆ ಇಟ್ರೆ ನೋಡಿ ಮತ್ತೆ!"

ಕಣ್ಣಾಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಅವಳು ಕೂಗಿದ ರಭಸಕ್ಕೆ ಔಷಧಿ ಗಾಡಿ ತಳ್ಳುತ್ತಿದ್ದ ನರ್ಸ್ ಕೂಡ ಗಕ್ಕನೆ ನಿಂತಳು.

ಎದುರಿನಿಂದ ಬರುತ್ತಿದ್ದವನೂ ನಿಂತ. ಅವನ ಎರಡೂ ಕಣ್ಣಿಗೆ ದಪ್ಪ ಪಟ್ಟಿ. ಗಾಲಿಕುರ್ಚಿ ಬೇಡವೇ ಬೇಡ ಎಂದು ಹಟ ಹಿಡಿದು, ಗೋಡೆ ಸವರುತ್ತಾ ಸವರುತ್ತಾ, ಗೋಡೆ ಮುಗಿದದ್ದು ತಿಳಿಯದೆ ನೇರ ಅವಳ ಮೇಲೆಯೇ ಬಂದಿದ್ದ. ಹಿಂದೆ ಅವನ ಅಕ್ಕ ಚೀಲ, ನೀರಿನ ಬಾಟಲಿ, ಅವನ ಚಪ್ಪಲಿ ಎಲ್ಲ ಹೊತ್ತುಕೊಂಡು ಏದುಸಿರು ಬಿಡುತ್ತಿದ್ದಳು.

"ನೋಡಿ ಮತ್ತೆ ಅಂದ್ರಲ್ಲ..." ಅವನು ನಕ್ಕ. "ನೋಡೋಕೆ ಆಗಿದ್ರೆ ನಿಮ್ಮ ಮೇಲ್ಯಾಕೆ ಬರ್ತಿದ್ದೆ ಹೇಳಿ?"

ಅವಳು ನಾಲಿಗೆ ಕಚ್ಚಿಕೊಂಡಳು. ಆದರೂ ಎದೆಗೆ ಒತ್ತಿಕೊಂಡಿದ್ದ ಪುಟ್ಟ ಪೆಟ್ಟಿಗೆಯನ್ನು ಸಡಿಲಿಸಲಿಲ್ಲ.

"ಏನ್ರೀ ಅದು? ಉಸಿರೂ ಬಿಡದೆ ಹಿಡ್ಕೊಂಡಿದೀರ... ಬಾಂಬಾ?"

"ಅಲ್ಲ." ಅವಳು ಒಂದು ಹೆಜ್ಜೆ ಹಿಂದೆ ಸರಿದಳು. "ನಿಮ್ಮ ಕಣ್ಣು."

ಬೇರೆ ಪ್ರೇಮಕಥೆಗಳಲ್ಲಿ ನಾಯಕ ನಾಯಕಿ ಡಿಕ್ಕಿ ಹೊಡೆದುಕೊಳ್ಳುತ್ತಾರೆ, ಪುಸ್ತಕಗಳು ಚೆಲ್ಲುತ್ತವೆ, ಇಬ್ಬರೂ ಬಗ್ಗಿ ಆರಿಸುತ್ತಾರೆ, ಬೆರಳಿಗೆ ಬೆರಳು ತಾಗುತ್ತದೆ. ಇಲ್ಲಿ ಡಿಕ್ಕಿ ಹೊಡೆದಿದ್ದರೆ ಆರಿಸಲು ಏನೂ ಉಳಿಯುತ್ತಿರಲಿಲ್ಲ. ಆ ಪೆಟ್ಟಿಗೆಯೊಳಗಿನ ಸೀಸೆಯಲ್ಲಿ ಇದ್ದದ್ದು ಅಕ್ಕಿಕಾಳಿಗಿಂತ ಚಿಕ್ಕ ಚೂರು. ಆಗಷ್ಟೇ ಅವನ ಎಡಗಣ್ಣಿನಿಂದ ಕತ್ತರಿಸಿ ತೆಗೆದದ್ದು.

ಅವನು ಪ್ಲಂಬರ್. ಕಟ್ಟಿಕೊಂಡ ಸಿಂಕಿಗೆ ಯಾರೋ ಅವನಿಗಿಂತ ಮೊದಲೇ ಪೈಪು ತೊಳೆಯುವ ಕ್ಷಾರದ ಪುಡಿ ಸುರಿದಿದ್ದರು, ಹೇಳಿರಲಿಲ್ಲ. ಅವನು ಬಗ್ಗಿ ನೋಡಿದ. ಒಳಗಿನದೆಲ್ಲ ಕುದಿದು ಮುಖಕ್ಕೆ ಹಾರಿತು. ಬಲಗಣ್ಣು ಒಳಗಿನವರೆಗೂ ಸುಟ್ಟು ಹೋಯಿತು. ಎಡಗಣ್ಣಿನಲ್ಲಿ, ಕಪ್ಪು ಗುಡ್ಡೆಯ ಅಂಚಿನಲ್ಲಿ, ಮೇಲುಗಡೆ ಒಂದಿಷ್ಟೇ ಜಾಗ ಹಸಿಯಾಗಿ ಉಳಿದಿತ್ತು. ಕಣ್ಣಿನ ಕಾಂಡಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು, ಇರುವುದು ಆ ಅಂಚಿನಲ್ಲೇ. ಅವು ಸತ್ತರೆ ಕಣ್ಣಿನ ಮೇಲ್ಪದರ ಮತ್ತೆ ಹುಟ್ಟುವುದಿಲ್ಲ, ಕಣ್ಣೆಲ್ಲ ಬಿಳಿ ಮಸುಕು ಕವಿದುಬಿಡುತ್ತದೆ.

"ನನ್ನ ಕಣ್ಣಿಂದ ತೆಗೀರಿ, ಎರಡರಿಂದಲೂ ತೆಗೀರಿ!" ಎಂದು ಅಕ್ಕ ದೊಡ್ಡ ಡಾಕ್ಟರಮ್ಮನ ಕೈ ಹಿಡಿದು ಅತ್ತಿದ್ದಳು. ಇನ್ನೊಬ್ಬರ ಕೋಶ ಹಾಕಿದರೆ ಮೈ ಒಪ್ಪುವುದಿಲ್ಲ, ಒಪ್ಪಿಸಲು ಕೊಡುವ ಔಷಧಿಯನ್ನು ಅವನ ದುರ್ಬಲ ಮೂತ್ರಪಿಂಡ ತಡೆಯುವುದಿಲ್ಲ. ಹಾಗಾಗಿ ಇದ್ದದ್ದು ಅದೊಂದೇ ಚೂರು. ಇನ್ನೊಮ್ಮೆ ತೆಗೆಯಲು ಅವನಲ್ಲಿ ಏನೂ ಉಳಿದಿರಲಿಲ್ಲ.

ಆ ಚೂರಿನಿಂದ ಕೋಶಗಳನ್ನು ಬೆಳೆಸುವುದು ಅವಳ ಕೆಲಸ. ಆಸ್ಪತ್ರೆಯವರೆಲ್ಲ ಅವಳನ್ನು 'ಸೂಲಗಿತ್ತಿ' ಎನ್ನುತ್ತಿದ್ದರು. ಬಾಣಂತಿಯರಿಲ್ಲದ ಸೂಲಗಿತ್ತಿ! ತಾನೂ ಮದುವೆಯಾಗದೆ, ಯಾರ ಮದುವೆಗೂ ಹೋಗದೆ, ಭಾನುವಾರವೂ ಬಂದು ಗಾಜಿನ ತಟ್ಟೆಗಳಿಗೆ ಊಟ ಉಣಿಸುತ್ತಿದ್ದವಳು.

"ಜೋಪಾನವಾಗಿ ನೋಡ್ಕೊಳ್ತೀರಾ?" ಅವನು ಈಗ ನಗುತ್ತಿರಲಿಲ್ಲ.

"ನನ್ನ ಕಣ್ಣಿಗಿಂತ ಹೆಚ್ಚಾಗಿ."

ಹಾಗೆಂದವಳು ಪೆಟ್ಟಿಗೆಯೊಂದಿಗೆ ಸರಸರನೆ ಹೊರಟಳು. ಅವನು ಅವಳ ಚಪ್ಪಲಿಯ ಸದ್ದು ಪೂರ್ತಿ ಅಡಗುವವರೆಗೆ ಅಲ್ಲೇ ನಿಂತಿದ್ದ. ಅಕ್ಕ ತೋಳು ಹಿಡಿದು ಎಳೆದಾಗಲೇ ಕದಲಿದ್ದು.

* * *

ಸೂಲಗಿತ್ತಿ ಚೂರನ್ನು ನಾಲ್ಕು ತುಣುಕು ಮಾಡಿದಳು. ಹೆರಿಗೆಯಲ್ಲಿ ಮಗುವಿನ ಜೊತೆ ಬರುವ ತೆಳು ಪೊರೆಯನ್ನು ತಟ್ಟೆಯಲ್ಲಿ ಹಾಸಿ, ಅದರ ಮೇಲೆ ನಾಲ್ಕನ್ನೂ ಕೂರಿಸಿದಳು. ಪೋಷಕ ದ್ರವ ಹನಿ ಹನಿಯಾಗಿ ಬಿಟ್ಟು, ಮೈಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯಲ್ಲಿಟ್ಟು ಬಾಗಿಲು ಹಾಕಿದಳು.

ಆ ಬಾಗಿಲ ಮೇಲೆ ಅವಳೇ ಕೆಂಪು ಶಾಯಿಯಲ್ಲಿ ಬರೆದು ಅಂಟಿಸಿದ ಚೀಟಿ ಇತ್ತು. 'ಅಂಟುವವರೆಗೆ ಮುಟ್ಟಬೇಡಿ.' ತುಣುಕು ಪೊರೆಗೆ ಅಂಟಿಕೊಳ್ಳಲು ಕೆಲವು ದಿನ ಬೇಕು. ಅಷ್ಟರಲ್ಲಿ ತಟ್ಟೆ ಅಲುಗಿದರೆ ತುಣುಕು ತೇಲಿಬಿಡುತ್ತದೆ. ತೇಲಿದ್ದು ಬೆಳೆಯುವುದಿಲ್ಲ. ಕೆಲಸ ಕಲಿಯಲು ಬಂದವರಿಗೆಲ್ಲ ಅವಳು ಮೊದಲ ದಿನವೇ ಹೇಳುತ್ತಿದ್ದ ಮಾತು ಇದು. ಕೇಳದವರ ಕಿವಿ ಹಿಂಡುತ್ತಿದ್ದಳು ಕೂಡ.

ಕಣ್ಣಿಗೆ ಔಷಧಿ ಹಾಕಿಸಿಕೊಳ್ಳಲು ಅವನು ದಿನಾ ಬರುತ್ತಿದ್ದ. ಹಾಕಿಸಿಕೊಂಡ ಮೇಲೆ ಕೋಶಗಳ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂರುತ್ತಿದ್ದ. ಅಕ್ಕ ಹೊಲಿಗೆ ಯಂತ್ರ ಬಿಟ್ಟು ಬಂದವಳು, ಅಲ್ಲೇ ಗೋಡೆಗೊರಗಿ ತೂಕಡಿಸುತ್ತಿದ್ದಳು.

"ನಮ್ಮ ಮರಿಗಳು ಹೇಗಿದಾವೆ?" ಅವಳು ಹೊರಬಂದ ತಕ್ಷಣ ಅವನ ಪ್ರಶ್ನೆ.

"ಮಲಗಿವೆ. ಗಲಾಟೆ ಮಾಡಬೇಡಿ."

"ಅಪ್ಪನ ಹಾಗೆ ಸೋಮಾರಿಗಳು."

ಅವಳಿಗೆ ನಗು ಬರುತ್ತಿತ್ತು. ಈ ಮನುಷ್ಯನಿಗೆ ಭಯವೇ ಇಲ್ಲವೇ? ಎಂದುಕೊಂಡು ಅವನ ಕೈ ನೋಡುತ್ತಿದ್ದಳು. ಕೈಗಳು ಬೆಂಚಿನ ಅಂಚನ್ನು ಬೆರಳು ಬಿಳಿಚುವಷ್ಟು ಗಟ್ಟಿಯಾಗಿ ಹಿಡಿದಿರುತ್ತಿದ್ದವು.

ಒಂದು ಮಧ್ಯಾಹ್ನ ಅವನು ಕೇಳಿದ. "ಅಲ್ಲಾ, ಒಂದು ಚೂರು ಹೇಗ್ರೀ ಒಂದು ಕಣ್ಣಾಗುತ್ತೆ? ನನ್ನ ತಲೆಗೆ ಹತ್ತೋ ಹಾಗೆ ಹೇಳಿ."

"ಒಂದು ಕೋಶ ಎರಡಾಗುತ್ತೆ. ಸ್ಟೆಮ್ ಸೆಲ್‌ಗಳದ್ದೇ ಒಂದು ವಿಚಿತ್ರ. ಎರಡಾದ ಮೇಲೆ ಒಂದು ಮನೇಲೇ ಉಳಿಯುತ್ತೆ. ಇನ್ನೊಂದು ಕೆಲಸಕ್ಕೆ ಹೊರಡುತ್ತೆ. ಹೊರಟಿದ್ದು ಕಣ್ಣಿನ ಮೇಲ್ಪದರ ಆಗುತ್ತೆ, ಅದೇ ಕೆಲಸ ಮಾಡಿ ಸವೆದು ಹೋಗುತ್ತೆ. ವಾಪಸ್ ಬರೋಕೆ ಆಗಲ್ಲ. ಆಗ ಮನೇಲಿದ್ದದ್ದು ಮತ್ತೆ ಎರಡಾಗುತ್ತೆ..."

"ಮನೇಲಿ ಉಳಿದಿದ್ದು ಏನೂ ಆಗೋದೇ ಇಲ್ವಾ?"

ಅವಳ ಜೊತೆ ಓದಿದವರೆಲ್ಲ ಏನೇನೋ ಆಗಿದ್ದರು. ಯಾರದೋ ಹೆಂಡತಿ, ಯಾರದೋ ತಾಯಿ, ಎಲ್ಲಿಯದೋ ಮೇಡಂ. ಅವಳು ಮಾತ್ರ ಅದೇ ಕೋಣೆ, ಅದೇ ಟೋಪಿ, ಅದೇ ಮುಖಗವಸು!

"ಇಲ್ಲ. ಆದ್ರೆ ಅದು ಇದ್ರೇನೇ ಉಳಿದಿದ್ದೆಲ್ಲ."

"ಅದಕ್ಕೆ ಬೇಜಾರಾಗಲ್ವಾ?"

"ಯಾರೂ ಅದನ್ನ ಕೇಳಿಲ್ಲ."

"ಈಗ ನಾನು ಕೇಳ್ತಿದೀನಲ್ಲ," ಎಂದ ಅವನು ಮೆಲ್ಲಗೆ.

ಅಯ್ಯೋ, ಇವನಿಗೆ ಕಣ್ಣು ಕಟ್ಟಿದೆ ಎಂದು ಯಾರು ಹೇಳಿದ್ದು! ಅವಳು ಒಳಗೆ ಓಡಿಬಿಟ್ಟಳು. ಅವತ್ತೆಲ್ಲ ಕೈಗವಸು ಹಾಕುವಾಗ ಒಂದೇ ಕೈಗೆ ಎರಡು ಹಾಕಿಕೊಳ್ಳುತ್ತಿದ್ದಳು.

* * *

ಮರುದಿನ ಅವನು ಬಂದಾಗ ನಗಲಿಲ್ಲ. ಮುಖ ಕಪ್ಪಿಟ್ಟಿತ್ತು.

"ಒಂದ್ಸಲ ನೋಡಿ ಬಂದು ಹೇಳ್ತೀರಾ?"

"ಏನನ್ನ?"

"ಅವು ಬದುಕಿದಾವೆ ಅಂತ. ಅಷ್ಟೇ. ಬೆಳಿಗ್ಗೆಯಿಂದ ನನಗೆ ಏನೋ ಸತ್ತ ಹಾಗೆ ಅನ್ನಿಸ್ತಿದೆ... ನಿದ್ದೆಯಿಂದ ಎದ್ದೆ, ಕಣ್ಣು ಬಿಟ್ಟೆ ಅಂದ್ಕೊಂಡೆ. ಕತ್ತಲು. ಇನ್ನೂ ಬೆಳಗಾಗಿಲ್ಲ ಅಂತ ಕಾಯ್ತಾ ಕೂತಿದ್ದೆ. ಅಕ್ಕ ಬಂದು ಊಟಕ್ಕೆ ಕರೆದ್ಲು." ಅವನು ಕಣ್ಣಿನ ಪಟ್ಟಿಯ ಅಂಚು ಸವರಿದ. "ಇದು ಇಷ್ಟೇನಾ ಅಂತ ಭಯ ಆಗ್ತಿದೆ ಕಣ್ರೀ. ನಿಮಗೆ ಬಿಟ್ರೆ ಯಾರಿಗೂ ಹೇಳೋಕೆ ಆಗಲ್ಲ."

"ಇನ್ನೂ ಮುಟ್ಟೋ ಹಾಗಿಲ್ಲ..."

"ಗೊತ್ತು. ಬಿಡಿ." ಅವನು ತಲೆ ತಗ್ಗಿಸಿದ. ಮತ್ತೆ ತಾನೇ ಹೇಳಿದ. "ಇನ್ನೊಂದು ಹೇಳ್ತೀನಿ, ಬೈಯಬೇಡಿ. ಕಣ್ಣು ಬಂದ್ರೆ... ನಾನು ಮೊದಲು ನೋಡ್ಬೇಕು ಅಂದ್ಕೊಂಡಿರೋದು ನಿಮ್ಮನ್ನ."

"ಒಂದ್ನಿಮಿಷ, ಬಂದೆ," ಎಂದು ಒಳಗೆ ಹೋದಳು.

ಆ ಚೀಟಿ ಅವಳ ಕಣ್ಣಿಗೆ ಕಾಣಿಸಲಿಲ್ಲವೇ? ಕಾಣಿಸಿತು. ತನ್ನದೇ ಕೈಬರಹ, ತನ್ನದೇ ಕೆಂಪು ಶಾಯಿ. 'ಬರೀ ಒಂದು ಸಲ... ಮೆಲ್ಲಗೆ... ಬದುಕಿವೆ ಅಂತ ಒಂದು ಮಾತು ಹೇಳಿದರೆ ಆ ಮುಖ ಅರಳುತ್ತದೆ...'

ಬಾಗಿಲು ತೆರೆದಳು. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಸೂಕ್ಷ್ಮದರ್ಶಕದ ಕೆಳಗೆ ತಂದಳು. ವರ್ಷಗಟ್ಟಲೆ ನಡುಗದ ಕೈ ಅವತ್ತು ನಡುಗಿತು! ತಟ್ಟೆಯ ದ್ರವ ಒಮ್ಮೆ ಅತ್ತ, ಒಮ್ಮೆ ಇತ್ತ ತುಳುಕಿತು.

ಕಣ್ಣಿಟ್ಟು ನೋಡಿದಳು.

ಒಂದು ತುಣುಕು ಎದ್ದು ತೇಲುತ್ತಿತ್ತು. ಅದರ ಪಕ್ಕದ್ದು... ಅದೂ. ಇನ್ನೊಂದು ತಟ್ಟೆಯ ಅಂಚಿಗೆ ಹೋಗಿ ಮಗುಚಿಕೊಂಡಿತ್ತು.

"ಅಯ್ಯೋ... ಇಲ್ಲ... ಇಲ್ಲ ಇಲ್ಲ ಇಲ್ಲ..."

ಇಕ್ಕಳದಿಂದ ಒಂದೊಂದನ್ನೇ ಹಿಡಿದು ಮತ್ತೆ ಕೂರಿಸಿದಳು. ಕೂರಿಸಿದರೆ ಬೆಳೆಯುತ್ತವೆಯೇ? ಬೆಳೆಯುವುದಿಲ್ಲ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ನಾಲ್ಕನೆಯದು ಮಾತ್ರ, ನಾಲ್ಕರಲ್ಲಿ ಅತಿ ಚಿಕ್ಕದು, ಕದಲದೆ ಕೂತಿತ್ತು.

ಗೋಡೆಯ ಆಚೆ ಅವನು ಕಾಯುತ್ತಿದ್ದ. 'ಒಂದ್ನಿಮಿಷ' ಎಂದು ಹೋದವಳು ಬರಲಿಲ್ಲ. ಅಕ್ಕ ಎದ್ದಳು, ನೀರು ಕುಡಿದಳು, "ಹೋಗೋಣ್ವೇನೋ?" ಎಂದಳು. "ಇರು, ಅವರು ಬರ್ತಾರೆ," ಎಂದ. ಸಂಜೆ ನೆಲ ಒರೆಸುವವಳು ಬಂದು ಕಾಲೆತ್ತಲು ಹೇಳಿದಾಗ ಅವನಿಗೆ ಅರ್ಥವಾಯಿತು. ಅರ್ಥವಾಯಿತು ಎಂದು ಅವನು ಅಂದುಕೊಂಡ, ಅಷ್ಟೇ.

'ಮೊದಲು ನಿಮ್ಮನ್ನೇ ನೋಡ್ಬೇಕಂತೆ! ಎಂಥಾ ಮಾತಾಡಿಬಿಟ್ಟೆ. ಪಾಪ, ಕುರುಡ ಅಂತ ನಾಲ್ಕು ಒಳ್ಳೆ ಮಾತಾಡಿದ್ರು. ನಾನು ಅದನ್ನೇ ಹಿಡ್ಕೊಂಡು...'

"ನಡಿ ಅಕ್ಕ," ಎಂದ. ಅವತ್ತು ಗಾಲಿಕುರ್ಚಿ ಬೇಡ ಎನ್ನಲಿಲ್ಲ.

* * *

ಸೂಲಗಿತ್ತಿ ಮುಚ್ಚಿಡಲಿಲ್ಲ. ಆ ಸಂಜೆಯೇ ದೊಡ್ಡ ಡಾಕ್ಟರಮ್ಮನ ಮುಂದೆ ನಿಂತು ಎಲ್ಲ ಹೇಳಿದಳು. ಡಾಕ್ಟರಮ್ಮ ಬಹಳ ಹೊತ್ತು ಕನ್ನಡಕ ಒರೆಸಿದರು.

"ಬೇರೆ ಯಾರಾದ್ರೂ ಮಾಡಿದ್ರೆ ನೀನು ಏನು ಮಾಡ್ತಿದ್ದೆ?"

"ಆಚೆ ಕಳಿಸ್ತಿದ್ದೆ, ಮೇಡಂ. ನನ್ನನ್ನೂ ಕಳಿಸಿಬಿಡಿ. ಆದ್ರೆ ಅದಕ್ಕೆ ಮೊದಲು ನಾನೇ ಹೋಗಿ ಅವರಿಗೆ..."

"ಏನು ಹೇಳ್ತೀಯ? ಹಾಳು ಮಾಡಿದೆ ಅಂತಲಾ? ಇನ್ನೂ ಒಂದು ಉಳಿದಿದೆ. ಅದು ಬೆಳೆಯುತ್ತೋ ಇಲ್ವೋ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಿನ್ನ ಎದೆ ಹಗುರ ಮಾಡ್ಕೊಳ್ಳೋಕೆ ಅವನ ಎದೆ ಭಾರ ಮಾಡಬೇಡ. ಗೊತ್ತಾದ ದಿನ ಹೇಳೋಣ. ಅಲ್ಲೀವರೆಗೆ ಒಳಗೇ ಇರು, ಆ ಒಂದನ್ನ ಬದುಕಿಸು."

ಡಾಕ್ಟರಮ್ಮ ಹೇಳಿದ್ದು ಸರಿಯೋ ತಪ್ಪೋ, ನೀವೇ ಯೋಚಿಸಿ. ನನಗಂತೂ ಇವತ್ತಿಗೂ ಸರಿ ಅನ್ನಿಸುವುದಿಲ್ಲ. ಒಬ್ಬನ ಕಣ್ಣಿನ ವಿಷಯ ಅವನಿಗೊಬ್ಬನಿಗೇ ಗೊತ್ತಿಲ್ಲದೆ ಉಳಿಯಿತು.

ಅಂದಿನಿಂದ ಅವಳು ಹಿಂಬಾಗಿಲಿನಿಂದ ಬಂದು ಹಿಂಬಾಗಿಲಿನಿಂದಲೇ ಹೋದಳು. ಬೆಂಚಿನ ಕಡೆ ಮುಖ ಹಾಕಲಿಲ್ಲ. ಒಂದೆರಡು ದಿನ ಗಾಜಿನ ಕಿಂಡಿಯಿಂದ ಕದ್ದು ನೋಡಿದಳು. ಅವನು ಬಂದು ಕೂತಿದ್ದ, ಯಾರ ಹೆಜ್ಜೆ ಕೇಳಿದರೂ ತಲೆ ಎತ್ತುತ್ತಿದ್ದ. ಅದನ್ನು ನೋಡಲಾರದೆ ಕಿಂಡಿಯ ಪರದೆಯನ್ನೂ ಎಳೆದುಬಿಟ್ಟಳು. ಆಮೇಲೆ ಬೆಂಚು ಖಾಲಿಯಾಯಿತು.

ಮರಳಿ ಕೂರಿಸಿದ ಮೂರು ತುಣುಕುಗಳೂ ಬೂದಿ ಬಣ್ಣಕ್ಕೆ ತಿರುಗಿದವು. ಸತ್ತದ್ದನ್ನು ತೆಗೆದು ಹಾಕುವಾಗ ಅವಳು ಗಟ್ಟಿಯಾಗಿ ಅತ್ತಳು. ನಾಲ್ಕನೆಯದು ಬೆಳೆಯಲೂ ಇಲ್ಲ, ಸಾಯಲೂ ಇಲ್ಲ. ಹಾಗೇ ಇತ್ತು. ಅವಳಿಗೆ ಊಟ ಸೇರಲಿಲ್ಲ, ಕೂತರೆ ನಿಂತರೆ ಅದೇ ಧ್ಯಾನ.

'ಎದ್ದೇಳು... ಎರಡಾಗು... ನನ್ನ ಮೇಲಿನ ಸಿಟ್ಟು ಅವರ ಮೇಲೆ ತೀರಿಸಬೇಡ...'

ಒಂದು ಬೆಳಿಗ್ಗೆ ಅದರ ಅಂಚಿನಲ್ಲಿ ತೆಳ್ಳನೆಯ ಕುಚ್ಚು ಕಂಡಿತು. ಉಸಿರು ಬಿಗಿಹಿಡಿದು ಮತ್ತೆ ನೋಡಿದಳು. ಕೋಶಗಳು! ಒಂದಕ್ಕೊಂದು ಒತ್ತಿಕೊಂಡು, ಗುಂಡುಗುಂಡಾಗಿ, ಜೀವಂತ! ನೆಲದ ಮೇಲೆ ಕುಸಿದು ಕೂತು ಬಾಯಿಗೆ ಕೈ ಒತ್ತಿ ಅತ್ತಳು.

ಕುಚ್ಚು ಅಗಲವಾಗುತ್ತಾ ಹೋಯಿತು. ಕೊನೆಗೆ ಅಂಗಿಯ ಗುಂಡಿಯಷ್ಟು ಹಾಳೆಯಾಯಿತು. ಬೇಕಾದದ್ದಕ್ಕಿಂತ ಚಿಕ್ಕದೇ.

"ನಾಳೆ ಬೆಳಿಗ್ಗೆ ಹಾಕಿಬಿಡೋಣ," ಎಂದರು ಡಾಕ್ಟರಮ್ಮ.

"ಇನ್ನೆರಡು ದಿನ ಬಿಟ್ರೆ ಅಗಲ ಆಗುತ್ತೆ, ಮೇಡಂ..."

"ಅಗಲ ಆಗುತ್ತೆ, ನೋಡೋಕೂ ಚೆನ್ನಾಗಿರುತ್ತೆ. ಅಷ್ಟರಲ್ಲಿ ಒಳಗಿರೋ ಕಾಂಡಕೋಶಗಳೆಲ್ಲ ಬಲಿತು ಬರೀ ಮೇಲ್ಪದರ ಆಗಿಬಿಟ್ರೆ? ಹಾಕಿದ ಒಂದು ತಿಂಗಳಿಗೆ ಎಲ್ಲ ಉದುರಿಹೋಗುತ್ತೆ. ನಿನಗೆ ನಾನು ಹೇಳಿಕೊಡ್ಬೇಕಾ? ನಾಳೆ, ಇಲ್ಲಾ ಯಾವತ್ತೂ ಇಲ್ಲ. ಅವನ ಅಕ್ಕನಿಗೆ ಫೋನ್ ಮಾಡು."

ಅಕ್ಕ ಫೋನಿನಲ್ಲಿ ಅಳುತ್ತಲೇ ಮಾತಾಡಿದಳು.

"ಬರಲ್ಲ ಅಂತಿದಾನೆ ಕಣಮ್ಮಾ. ಔಷಧಿ ಬಾಟಲಿ ಎತ್ತಿ ಬಿಸಾಕಿದಾನೆ. ಅವೆಲ್ಲ ಯಾವಾಗಲೋ ಸತ್ತಿವೆ, ಹೇಳೋಕೆ ಅವರಿಗೆ ಧೈರ್ಯ ಇಲ್ಲ, ಅದಕ್ಕೇ ಮುಖ ತಪ್ಪಿಸ್ತಿದಾರೆ ಅಂತಾನೆ. ನಾನು ಏನು ಮಾಡ್ಲಿ?"

ರಿಸೀವರ್ ಇಟ್ಟ ಸೂಲಗಿತ್ತಿಯ ಮುಖ ನೋಡಿ ಡಾಕ್ಟರಮ್ಮ ನಿಟ್ಟುಸಿರಿಟ್ಟರು. "ನಾನೇ ತಪ್ಪು ಮಾಡಿದೆ ಅನ್ಸುತ್ತೆ. ಹೋಗು. ಎಲ್ಲಾ ಹೇಳು."

* * *

ಅವನ ಮನೆ ಮೂರನೇ ಮಹಡಿ. ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲುಗಳ ತಿರುವಿನಲ್ಲಿ ಸೈಕಲ್ಲುಗಳು, ಒಣಹಾಕಿದ ಬಟ್ಟೆಗಳು. ಅವಳು ಹತ್ತುತ್ತಿದ್ದಂತೆ ಮೇಲಿನಿಂದ ಮೆಟ್ಟಿಲ ಮೇಲೆ ನೀರು ಇಳಿದು ಬರತೊಡಗಿತು.

ಬಾಗಿಲು ತೆರೆದೇ ಇತ್ತು. ಅಕ್ಕ ಹೊಲಿಗೆ ಯಂತ್ರದ ಕೆಳಗಿನ ಬಟ್ಟೆಗಳನ್ನೆಲ್ಲ ಮಂಚದ ಮೇಲೆ ಎಸೆಯುತ್ತಿದ್ದಳು. ಅಡುಗೆಮನೆಯಲ್ಲಿ ಅವನು ಸಿಂಕಿನ ಕೆಳಗೆ ಅಂಗಾತ ಮಲಗಿದ್ದ. ಕಣ್ಣಿನ ಪಟ್ಟಿ ಬಿಚ್ಚಿ ಎಸೆದಿದ್ದ. ಬಿಚ್ಚಿದ ಪೈಪಿನಿಂದ ನೀರು ಚಿಮ್ಮುತ್ತಿತ್ತು.

"ಕಣ್ಣಿಗೆ ನೀರು! ಕಣ್ಣಿಗೆ ನೀರು ಹೋಗುತ್ತೆ ರೀ!" ಎಂದು ಕಿರುಚುತ್ತಾ ಅವಳು ಓಡಿಬಂದು ಗೋಡೆಯ ಮೇಲಿನ ನೀರಿನ ತಿರುಪು ಹಿಡಿದಳು.

"ಆ ಕಡೆಗಲ್ಲ! ಬಲಕ್ಕೆ! ಬಲಕ್ಕೆ ತಿರುಗಿಸಿ!" ಅವನು ಕೂಗಿದ. ನೀರು ನಿಂತಿತು. ಆಮೇಲೆ ಅವನಿಗೆ ಹೊಳೆಯಿತು, ಕೂಗಿದ್ದು ಯಾರ ಧ್ವನಿ ಎಂದು.

ಎದ್ದು ಗೋಡೆಗೊರಗಿ ಕೂತ. ಬೋಲ್ಟ್ ಬಿಗಿಯಲಾಗದ ಬೆರಳುಗಳಿಗೆ ಗಾಯವಾಗಿತ್ತು.

"ಒಂದು ವಾಷರ್ ಹಾಕೋಕಾಗಲ್ಲ ನನಗೆ. ನೋಡಿದ್ರಲ್ಲ. ಇದನ್ನ ನೋಡೋಕೆ ಬಂದ್ರಾ?"

"ನಾಳೆ ಆಪರೇಷನ್..."

"ಏನನ್ನ ಹಾಕ್ತೀರ? ಸತ್ತಿದ್ದನ್ನಾ?"

"ಮೂರು ಸತ್ತವು," ಅವಳು ಹೇಳಿದಳು. ನೀರಿನಲ್ಲೇ ಮೊಣಕಾಲೂರಿದಳು. "ನಾನೇ ಸಾಯಿಸಿದೆ."

ಒಂದೂ ಬಿಡದೆ ಹೇಳಿದಳು. ಚೀಟಿಯ ಮಾತು, ಬಾಗಿಲು ತೆರೆದದ್ದು, ಕೈ ನಡುಗಿದ್ದು, ತೇಲಿದ್ದು, ಉಳಿದ ಒಂದು, ಗುಂಡಿಯಷ್ಟು ಹಾಳೆ. ಕೇಳುತ್ತಾ ಕೇಳುತ್ತಾ ಅವನ ಮುಖದ ರಕ್ತ ಇಳಿಯಿತು.

"ನನ್ನ ಹತ್ರ ಇನ್ನೊಂದು ಇರಲಿಲ್ಲ!" ಅವನು ಗೋಡೆಗೆ ಗುದ್ದಿದ. "ಗೊತ್ತಿತ್ತಲ್ಲ ನಿಮಗೆ! ನನ್ನ ಕಣ್ಣಿಗಿಂತ ಹೆಚ್ಚಾಗಿ ನೋಡ್ಕೊಳ್ತೀನಿ ಅಂದ್ರಿ! ಯಾಕೆ ಮುಟ್ಟಿದ್ರಿ? ಯಾಕೆ?"

"ನೀವು ಕೇಳಿದ್ರಿ..."

"ನಾನು ಕೇಳಿದ್ರೆ? ನಾನು ಪ್ಲಂಬರ್! ನನಗೇನು ಗೊತ್ತು? ಆಗಲ್ಲ ಅನ್ನಬೇಕಿತ್ತು!"

"ಹೌದು. ಅನ್ನಬೇಕಿತ್ತು. ಬೇರೆ ಯಾರಿಗಾದ್ರೂ ಅಂದಿರ್ತಿದ್ದೆ. ನಿಮಗೆ ಅನ್ನೋಕೆ ಆಗಲಿಲ್ಲ. ನಿಮ್ಮ ಮುಖ ಹಾಗಿತ್ತು ಅವತ್ತು..." ಅವಳ ಧ್ವನಿ ಒಡೆಯಿತು. "ನಾಳೆ ಬಂದು ಮಲಗ್ತೀನಿ ಅಂತ ಒಂದು ಮಾತು ಕೊಡಿ. ಆಮೇಲೆ ಈ ಜನ್ಮದಲ್ಲಿ ನಿಮಗೆ ಮುಖ ತೋರಿಸಲ್ಲ."

"ಮುಖ ತೋರಿಸಲ್ವಾ?" ಅವನು ಕಹಿಯಾಗಿ ನಕ್ಕ. "ಯಾರಿಗೆ?"

ಅಕ್ಕ ಬಾಗಿಲಲ್ಲಿ ಸೆರಗು ಬಾಯಿಗಿಟ್ಟು ನಿಂತಿದ್ದಳು. ನೀರು ತೊಟಕ್ ತೊಟಕ್ ಎಂದು ತೊಟ್ಟಿಕ್ಕುತ್ತಿತ್ತು.

"ನಾನು ನಿಮ್ಮನ್ನ ಪ್ರೀತಿಸ್ತೀನಿ," ಎಂದಳು ಅವಳು. ಹೇಳಬೇಕೆಂದು ಬಂದಿರಲಿಲ್ಲ. ಬಾಯಿಂದ ಬಂದುಬಿಟ್ಟಿತು.

ಅವನು ಗಾಯದ ಬೆರಳುಗಳನ್ನು ಅಂಗಿಗೆ ಒರೆಸಿಕೊಂಡ.

"ಅದು ಪ್ರೀತಿ ಅಲ್ಲ. ತಪ್ಪು ಮಾಡಿದೀರಿ, ಅದು ಒಳಗೆ ಕೊರೀತಿದೆ. ಅದಕ್ಕೆ ಪ್ರೀತಿ ಅಂತ ಹೆಸರಿಡಬೇಡಿ. ನಾಳೆ ನನಗೆ ಕಾಣಲಿಲ್ಲ ಅಂದ್ರೆ, ಜೀವನಪೂರ್ತಿ ನನ್ನ ಕೈಹಿಡಿದು ರಸ್ತೆ ದಾಟಿಸ್ತಾ ತಪ್ಪು ತೀರಿಸ್ತೀರಿ. ನನಗೆ ಅದು ಬೇಡ."

"ಇಲ್ಲ, ನಾನು..."

"ನಾಳೆ ಬರ್ತೀನಿ. ಅಕ್ಕನಿಗೋಸ್ಕರ. ನೀವು ನನ್ನ ಹತ್ರ ಬರಬೇಡಿ. ಬರೋದಿದ್ರೆ ನಾನೇ ಬರ್ತೀನಿ. ಬರದೇ ಇದ್ರೆ ಕಾಯಬೇಡಿ."

* * *

ಅವಳು ಆಪರೇಷನ್ ಕೋಣೆಯ ಕಿಂಡಿಯಿಂದ ತಟ್ಟೆ ಕೊಟ್ಟಳು. ಒಳಗಿನ ಕೈಯೊಂದು ತೆಗೆದುಕೊಂಡಿತು. ಕಿಂಡಿ ಮುಚ್ಚಿತು. ಅವಳ ಕೆಲಸ ಅಲ್ಲಿಗೆ ಮುಗಿದಿತ್ತು.

ಆಮೇಲೆ ಶುರುವಾಯಿತು ನೋಡಿ, ಕಾಯುವುದು! ಬೇಡ ಎಂದಿದ್ದನಲ್ಲ, ಆದರೂ ಕಾದಳು. ಅವನು ಪಟ್ಟಿ ಬದಲಿಸಿಕೊಳ್ಳಲು ಬರುವ ದಿನಗಳು ಅವಳಿಗೆ ಗೊತ್ತಿದ್ದವು. ಆ ದಿನಗಳಲ್ಲಿ ಕೋಣೆಯಿಂದ ಹೊರಗೇ ಬರುತ್ತಿರಲಿಲ್ಲ. ಡಾಕ್ಟರಮ್ಮ ತಾವಾಗಿ ಹೇಳುತ್ತಿದ್ದರು. "ಹಾಳೆ ಕಚ್ಚಿಕೊಂಡಿದೆ." ಮತ್ತೊಮ್ಮೆ, "ಮಸುಕು ಹಿಂದೆ ಸರೀತಿದೆ." ಮತ್ತೊಮ್ಮೆ ಏನೂ ಹೇಳದೆ ಹೋದರು. ಅವತ್ತು ಅವಳು ಮನೆಗೆ ಹೋಗಿ ಚಪ್ಪಲಿ ಬಿಚ್ಚದೆ ಹಾಸಿಗೆಯ ಮೇಲೆ ಬಿದ್ದುಕೊಂಡಳು. 'ಕಾಣುತ್ತಾ?' ಎಂದು ಕೇಳುವ ಧೈರ್ಯ ಅವಳಿಗೆ ಒಂದು ಸಲವೂ ಬರಲಿಲ್ಲ.

ಒಂದು ಮಧ್ಯಾಹ್ನ ಯಾರೋ ಕೋಣೆಯ ಬಾಗಿಲು ಬಡಿದರು. ಟೋಪಿ, ಮುಖಗವಸು ಕಿತ್ತು ಬಾಗಿಲು ತೆರೆದಳು.

ಅವನು ನಿಂತಿದ್ದ. ಒಬ್ಬನೇ! ಪಟ್ಟಿ ಇರಲಿಲ್ಲ. ಬಲಗಣ್ಣು ಮುಚ್ಚಿತ್ತು. ಎಡಗಣ್ಣು ತೆರೆದಿತ್ತು, ಕೆಂಪಗೆ, ಒದ್ದೆಯಾಗಿ, ಅವಳ ಕಡೆಗೇ ತಿರುಗಿತ್ತು. ಆದರೆ ಅವಳ ಮೇಲೆ ನಿಂತಿರಲಿಲ್ಲ. ಎಲ್ಲೋ ಅವಳ ಭುಜದ ಹತ್ತಿರ ಅಲೆದಾಡುತ್ತಿತ್ತು.

ಅವಳು ಆ ಕಣ್ಣನ್ನೇ ನೋಡಿದಳು. 'ಕಾಣುತ್ತಿಲ್ಲ. ದೇವರೇ, ಕಾಣುತ್ತಿಲ್ಲ.'

"ನೀವೇನಾ?"

"ಹ್ಞೂಂ."

"ಒಂದು ಪ್ರಶ್ನೆ ಕೇಳೋಕೆ ಬಂದೆ." ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. "ಆ ಮೂರೂ ಬದುಕಿದ್ದಿದ್ರೆ, ನನಗೆ ಚೆನ್ನಾಗಿ ಕಾಣ್ತಿತ್ತಾ?"

ಸುಳ್ಳು ಎಷ್ಟು ಹತ್ತಿರದಲ್ಲಿತ್ತು! 'ಇಲ್ಲ, ವ್ಯತ್ಯಾಸ ಆಗ್ತಿರಲಿಲ್ಲ' ಎಂದುಬಿಟ್ಟರೆ ಯಾರು ಪರೀಕ್ಷೆ ಮಾಡಬಲ್ಲರು? ಅವನು ಕ್ಷಮಿಸಿಯೂ ಬಿಡುತ್ತಿದ್ದ.

"ಖಚಿತವಾಗಿ ಗೊತ್ತಿಲ್ಲ," ಎಂದಳು. "ಆದ್ರೆ... ಕಾಣ್ತಿತ್ತು ಅನ್ಸುತ್ತೆ. ಇದಕ್ಕಿಂತ ಚೆನ್ನಾಗಿ ಕಾಣ್ತಿತ್ತು."

ಅವನು ಉಸಿರು ಬಿಟ್ಟ. ಬಿಗಿದುಕೊಂಡಿದ್ದ ಭುಜಗಳು ಇಳಿದವು.

"ಡಾಕ್ಟರಮ್ಮನೂ ಅದನ್ನೇ ಹೇಳಿದ್ರು. ನೀವು ಬೇರೆ ಹೇಳ್ತೀರೇನೋ ಅಂತ ಮೆಟ್ಟಿಲು ಹತ್ತುವಾಗೆಲ್ಲ ಹೆದರ್ತಾ ಬಂದೆ. ನನ್ನನ್ನ ಸಮಾಧಾನ ಮಾಡೋಕೆ ಸುಳ್ಳು ಹೇಳಿದ್ರೆ, ಇವರಿಗೆ ನನ್ನ ಮೇಲಿರೋದು ಬರೀ ಕನಿಕರ ಅಂತ ವಾಪಸ್ ಹೋಗೋದು ಅಂದ್ಕೊಂಡಿದ್ದೆ."

ಅವಳು ಕೈಯಲ್ಲಿದ್ದ ಮುಖಗವಸನ್ನು ಮುದುಡಿ ಹಿಡಿದಳು.

"ಸಿಟ್ಟು ಹೋಗಿದೆ ಅಂತ ಅಂದ್ಕೋಬೇಡಿ," ಅವನು ಮುಂದುವರಿಸಿದ. "ಕೆಲವು ಬೆಳಿಗ್ಗೆ ಎದ್ದಾಗ ಇನ್ನೂ ಬರುತ್ತೆ. ಆದ್ರೆ ಸಿಟ್ಟು ಬಂದಾಗಲೂ ಅದನ್ನ ಹೇಳ್ಕೊಳ್ಳೋಕೆ ಬೇಕಾಗಿರೋದು ನೀವೇ. ಇದೆಂಥಾ ಕರ್ಮ ಹೇಳಿ!"

"ನನ್ನ ಹತ್ರಾನೇ ಹೇಳ್ಕೊಳ್ಳಿ," ಎಂದಳು ಅವಳು ಪಿಸುಮಾತಿನಲ್ಲಿ. "ದಿನಾ ಬೈಯಿರಿ. ನಾನೆಲ್ಲಿಗೂ ಹೋಗಲ್ಲ. ತಪ್ಪು ತೀರಿಸೋಕಲ್ಲ. ನೀವಿಲ್ಲದೆ ಇಷ್ಟು ದಿನ ನಾನು ಬದುಕಿದ್ದೀನಿ ಅಂತಲೇ ಅನ್ನಿಸಿಲ್ಲ... ಎಷ್ಟು ಕಾಣುತ್ತೆ ನಿಮಗೆ? ಹೇಳಿ. ಏನಾದ್ರೂ ಕಾಣುತ್ತಾ?"

"ಕಿಟಕಿ ಬೆಳ್ಳಗೆ ಕಾಣುತ್ತೆ. ನೀವು ಅದರ ಮುಂದೆ ಒಂದು ನೆರಳು. ದೂರದ್ದೆಲ್ಲ ಮಂಜು. ಒಳಗಿನ ಕಲೆಗೆ ಮುಂದೆ ಇನ್ನೊಂದು ಆಪರೇಷನ್ ಮಾಡಬಹುದಂತೆ, ನೋಡೋಣ. ಈಗಂತೂ ಒಂದು ಗೇಣು ದೂರದ್ದು ಕಾಣುತ್ತೆ."

"ಒಂದು ಗೇಣಾ? ಅಷ್ಟೇನಾ?"

"ಅಷ್ಟೇ. ಹತ್ರ ಬನ್ನಿ."

ಅವಳು ಒಂದು ಹೆಜ್ಜೆ ಇಟ್ಟಳು.

"ಇನ್ನೂ."

ಇನ್ನೊಂದು ಹೆಜ್ಜೆ. ಅವನ ಉಸಿರು ಅವಳ ಹಣೆಗೆ ತಾಗಿತು. ಕಣ್ಣು ತುಂಬಿ ಬಂತು. ಇವನ ಮುಂದೆ ಸದ್ದಿಲ್ಲದೆ ಅಳುವುದು ಸುಲಭ, ತುಟಿ ಕಚ್ಚಿ ಹಿಡಿದರೆ ಸಾಕು, ಇವನಿಗೇನು ತಿಳಿಯುತ್ತದೆ? ಅವಳು ಹಾಗೆಯೇ ತುಟಿ ಕಚ್ಚಿ ನಿಂತಳು. ಒಂದು ಬಿಕ್ಕೂ ಹೊರಬರಲಿಲ್ಲ.

ಅಲೆದಾಡುತ್ತಿದ್ದ ಆ ಕೆಂಪು ಕಣ್ಣು ಅವಳ ಹಣೆಯಿಂದ ಮೆಲ್ಲನೆ ಇಳಿಯಿತು. ಅವಳ ಕೆನ್ನೆಯ ಮೇಲೆ ನಿಂತುಬಿಟ್ಟಿತು.

"ಅಳಬೇಡ," ಎಂದ ಅವನು.

ಅವಳು ಬೆಚ್ಚಿಬಿದ್ದಳು. "ಕಾಣ್ತಾ?"

"ಎಡಗಡೆ ಕೆನ್ನೆ ಮೇಲೆ ಒಂದು ಹನಿ... ಬಾಯಿ ಹತ್ರ ಬಂತು."

"ನಿಮಗೆ... ನಿನಗೆ ಕಾಣ್ತಿದೆ!"

"ಕಾಣ್ತಿದೆ ಕಣೇ. ಅಲ್ಲೇ ಇರು, ಹಿಂದೆ ಹೋಗಬೇಡ."